ಬೀದರ್ ವಿಮಾನ ನಿಲ್ದಾಣ: ಟಿಕೆಟ್ ತೆಗೆಸುವ ಮುನ್ನ, ವಿಮಾನ ಹತ್ತುವ ಮುನ್ನ, ರದ್ದಾದ ಮೇಲೆ ತಿಳಿದಿರಬೇಕಾದ ಸಂಗತಿಗಳು

ಬೀದರ್: ‘ವಿಮಾನ ಚಾಲೂ ಅದ ಏನು?’ ಜಿಲ್ಲೆಯಿಂದ ಬೆಂಗಳೂರಿಗೆ ಹೊರಡುವವರು ಮೊದಲು ಕೇಳುವ ಪ್ರಶ್ನೆ ಇದೇ. ದರ ಎಷ್ಟು, ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದೆಲ್ಲ ಆಮೇಲಿನ ಮಾತು. 2020ರಿಂದ ಈಚೆಗೆ ಸೇವೆ ಶುರುವಾಗಿ, ನಿಂತು, ಮತ್ತೆ ಶುರುವಾದದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಹೀಗಾಗಿ ಅನುಮಾನ ಸಹಜ.

ಸಣ್ಣ ವಿಮಾನ ನಿಲ್ದಾಣದ ಅನುಕೂಲ ದೊಡ್ಡದು. ಸರತಿ ಸಾಲು ಕಡಿಮೆ, ನಡೆಯುವ ದೂರ ಕಡಿಮೆ, ಮನೆಯಿಂದ ಅರ್ಧ ತಾಸಿನಲ್ಲಿ ಬಾಗಿಲ ಮುಂದೆ ಇಳಿಯಬಹುದು. ಆದರೆ ಒಂದು ಕೊರತೆಯೂ ಇದೆ. ಇಲ್ಲಿ ಒಂದು ವಿಮಾನ ತಪ್ಪಿದರೆ ಅದರ ಹಿಂದೆಯೇ ಇನ್ನೊಂದು ಇರುವುದಿಲ್ಲ. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೊರಟವರಿಗೆ ತೊಂದರೆ ಕಡಿಮೆ. ಅಂಗಡಿ ಮುಚ್ಚಿ ಹೋಗುವವರು, ಆಸ್ಪತ್ರೆಗೆ ಹೋಗುವವರು, ಕೋರ್ಟು ಕಚೇರಿ ಕೆಲಸದವರು ಇಟ್ಟುಕೊಳ್ಳಬಹುದಾದ ಮಾಹಿತಿಯನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ನಿಲ್ದಾಣ ಯಾರದು, ಎಲ್ಲಿದೆ?

ಬೀದರ್‌ನಲ್ಲಿ ಪ್ರತ್ಯೇಕ ನಾಗರಿಕ ವಿಮಾನ ನಿಲ್ದಾಣ ಎಂಬುದಿಲ್ಲ. ರನ್‌ವೇ ಭಾರತೀಯ ವಾಯುಪಡೆಯದು. ಇದು ಯುದ್ಧ ವಿಮಾನದ ಪೈಲಟ್‌ಗಳನ್ನು ತಯಾರು ಮಾಡುವ ತರಬೇತಿ ನೆಲೆ. ಹಾಕ್ ತರಬೇತಿ ಜೆಟ್‌ಗಳು 2008ರಲ್ಲಿ ಸೇರಿದ್ದು ಇಲ್ಲಿಯೇ. ಆಕಾಶದಲ್ಲಿ ಕಸರತ್ತು ತೋರಿಸುವ ‘ಸೂರ್ಯಕಿರಣ’ ತಂಡ 1996ರಲ್ಲಿ ಹುಟ್ಟಿದ್ದೂ ಬೀದರ್‌ನಲ್ಲಿ. ಈ ನೆಲೆಯ ಅಂಚಿನಲ್ಲಿ ಪ್ರಯಾಣಿಕರಿಗಾಗಿ ಒಂದು ಸಣ್ಣ ಟರ್ಮಿನಲ್ ಇದೆ. ಚಿದ್ರಿ ಕಡೆಯಿಂದ ಹೋಗಬೇಕು. ಟಿಕೆಟ್ ಮೇಲೆ ಬೀದರ್‌ನ ಗುರುತು ‘ಐಎಕ್ಸ್‌ಎಕ್ಸ್’ ಎಂದಿರುತ್ತದೆ. ಬೆಂಗಳೂರಿನದು ‘ಬಿಎಲ್‌ಆರ್’, ಹೈದರಾಬಾದ್‌ನದು ‘ಎಚ್‌ವೈಡಿ’.

ಇದರಿಂದ ಪ್ರಯಾಣಿಕರಿಗೆ ಎರಡು ಪರಿಣಾಮ. ಒಂದು, ವಿಮಾನ ಇಳಿಯುವ, ಏರುವ ಹೊತ್ತು ವಾಯುಪಡೆಯ ಕೆಲಸದ ಜತೆ ಹೊಂದಿಕೊಂಡೇ ನಡೆಯಬೇಕು. ವಿಮಾನ ಕಂಪನಿ ತನಗೆ ಬೇಕಾದ ಹೊತ್ತನ್ನೆಲ್ಲ ಆರಿಸಿಕೊಳ್ಳುವಂತಿಲ್ಲ. ಎರಡು, ಇದು ರಕ್ಷಣಾ ಪ್ರದೇಶ. ರನ್‌ವೇ, ವಾಯುಪಡೆಯ ವಿಮಾನ, ಕಟ್ಟಡಗಳ ಫೋಟೊ, ವಿಡಿಯೊ ತೆಗೆಯುವಂತಿಲ್ಲ. ಮೊದಲ ಸಲ ವಿಮಾನ ಹತ್ತುವವರಿಗೆ ಮೆಟ್ಟಿಲ ಬಳಿ ನಿಂತು ಸೆಲ್ಫಿ ತೆಗೆಯುವ ಆಸೆ ಇದ್ದೇ ಇರುತ್ತದೆ. ಮನೆಯವರ ಫೋಟೊ ಟರ್ಮಿನಲ್ ಹೊರಗೇ ತೆಗೆದುಕೊಂಡು ಒಳಗೆ ಹೋಗುವುದು ಒಳ್ಳೆಯದು.

ಇಲ್ಲಿಯವರೆಗಿನ ಕಥೆ

ಬೀದರ್‌ಗೆ ವಿಮಾನ ತಡವಾಗಿ ಬಂದದ್ದಕ್ಕೆ ಒಂದು ಕಾರಣ ಹೈದರಾಬಾದ್. 2008ರಲ್ಲಿ ಶಂಷಾಬಾದ್ ನಿಲ್ದಾಣ ಶುರುವಾದಾಗ, ಅದರ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಆಕಾಶ ಮಾರ್ಗದಲ್ಲಿ 150 ಕಿ.ಮೀ. ಒಳಗೆ 25 ವರ್ಷ ಬೇರೆ ನಾಗರಿಕ ನಿಲ್ದಾಣಕ್ಕೆ ಅವಕಾಶ ಇರಬಾರದು ಎಂಬುದು ಅದು. ಬೀದರ್ ಆ ವ್ಯಾಪ್ತಿಯ ಒಳಗೇ ಬರುತ್ತದೆ. ಟರ್ಮಿನಲ್ ಕಟ್ಟಡ ಎದ್ದು ನಿಂತರೂ ವಿಮಾನ ಬರದೆ ವರ್ಷಗಳು ಕಳೆದವು. ಕೊನೆಗೆ ಹೈದರಾಬಾದ್ ನಿಲ್ದಾಣ ನಡೆಸುವ ಜಿಎಂಆರ್ ಕಂಪನಿಯೇ ಬೀದರ್ ಟರ್ಮಿನಲ್ ನಡೆಸಲು ರಾಜ್ಯ ಸರ್ಕಾರದ ಜತೆ ಒಪ್ಪಂದ ಮಾಡಿಕೊಂಡ ಮೇಲೆ ದಾರಿ ತೆರೆಯಿತು.

- 2020ರ ಫೆಬ್ರವರಿ 7: ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಂದ ಉದ್ಘಾಟನೆ. ಟ್ರೂಜೆಟ್ ಕಂಪನಿಯ ಎಟಿಆರ್ ವಿಮಾನ ಬೆಂಗಳೂರು–ಬೀದರ್ ನಡುವೆ ಹಾರಾಟ ಆರಂಭಿಸಿತು.
- 2020ರ ಮಾರ್ಚ್ 25: ಕೊರೊನಾ ಕಾರಣಕ್ಕೆ ದೇಶದಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ಬಂದ್. ಆಗ ಬೀದರ್ ಸೇವೆಗೆ ಎರಡು ತಿಂಗಳೂ ತುಂಬಿರಲಿಲ್ಲ.
- 2022: ವರ್ಷದ ಆರಂಭದ ಹೊತ್ತಿಗೆ ಟ್ರೂಜೆಟ್ ಹಾರಾಟವೇ ನಿಂತಿತ್ತು. ಜೂನ್‌ನಲ್ಲಿ ಸ್ಟಾರ್ ಏರ್ ಬೀದರ್‌ಗೆ ಬಂತು.
- 2023ರ ಕೊನೆ: ಆ ಸೇವೆಯೂ ನಿಂತಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಟರ್ಮಿನಲ್ ಖಾಲಿ ಇತ್ತು.
- 2025ರ ಏಪ್ರಿಲ್: ಸ್ಟಾರ್ ಏರ್ ಮತ್ತೆ ಬಂತು. ಈ ಸಲ ನಷ್ಟ ತುಂಬಿಕೊಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬಳಸುವ ತೀರ್ಮಾನ ಆಯಿತು.

ಸೇವೆ ಪದೇ ಪದೇ ಏಕೆ ನಿಲ್ಲುತ್ತದೆ?

ಇದಕ್ಕೆ ಉತ್ತರ ‘ಉಡಾನ್’ ಯೋಜನೆಯ ಲೆಕ್ಕದಲ್ಲಿದೆ. ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ತಂದ ಈ ಯೋಜನೆಯಲ್ಲಿ ಸಣ್ಣ ಊರಿನ ವಿಮಾನದ ಸುಮಾರು ಅರ್ಧ ಸೀಟುಗಳಿಗೆ ದರದ ಮಿತಿ ಇರುತ್ತದೆ. ಶುರುವಿನಲ್ಲಿ ಒಂದು ತಾಸಿನ ಹಾರಾಟಕ್ಕೆ ₹2,500 ಎಂದಿತ್ತು, ನಂತರ ಪರಿಷ್ಕರಣೆ ಆಯಿತು. ಕಡಿಮೆ ದರದಿಂದ ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ಶೇ 80ರಷ್ಟು ಭಾರ ಕೇಂದ್ರದ ನಿಧಿಯದು, ಶೇ 20 ರಾಜ್ಯದ್ದು. ಆದರೆ ಒಂದು ಮಾರ್ಗಕ್ಕೆ ಈ ನೆರವು ಸಿಗುವುದು 3 ವರ್ಷ ಮಾತ್ರ. ಅಷ್ಟರಲ್ಲಿ ಜನ ರೂಢಿಯಾಗಿ, ಸೀಟು ತುಂಬಿ, ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಲೆಕ್ಕಾಚಾರ.

ಬೀದರ್‌ನಲ್ಲಿ ಆ ಮೂರು ವರ್ಷದ ಓಟ ನೇರವಾಗಿ ನಡೆಯಲೇ ಇಲ್ಲ. ಮೊದಲು ಕೊರೊನಾ ಅಡ್ಡ ಬಂತು, ಆಮೇಲೆ ಕಂಪನಿ ಬದಲಾಯಿತು. ನಡುವೆ ಸೇವೆ ನಿಂತಾಗಲೆಲ್ಲ ಜನ ಹೈದರಾಬಾದ್ ದಾರಿಗೆ ಮರಳಿದರು. ಒಂದು ಸಲ ಮರಳಿದ ಗಿರಾಕಿಯನ್ನು ವಾಪಸ್ ಕರೆತರುವುದು ಎಷ್ಟು ಕಷ್ಟ ಎಂಬುದು ಅಂಗಡಿ ನಡೆಸುವವರಿಗೆ ಹೇಳಿಕೊಡಬೇಕಿಲ್ಲ. ಹದಿನೈದು ದಿನ ಬಾಗಿಲು ಹಾಕಿದ ಕಿರಾಣಿ ಅಂಗಡಿಗೆ ಹಳೇ ಗಿರಾಕಿ ತಾನಾಗಿ ಬರುವುದಿಲ್ಲ.

ವಿಮಾನದ ಗಾತ್ರವೂ ಮುಖ್ಯ. ಸ್ಟಾರ್ ಏರ್ ಬಳಿ ಎರಡು ಬಗೆಯ ಎಂಬ್ರೇಯರ್ ಜೆಟ್‌ಗಳಿವೆ: ಒಂದು 50 ಸೀಟಿನದು, ಇನ್ನೊಂದು 76 ಸೀಟಿನದು. 76ರಲ್ಲಿ 30 ಸೀಟು ಖಾಲಿ ಹೋದರೂ ಇಂಧನ, ಪೈಲಟ್, ನಿರ್ವಹಣೆಯ ಖರ್ಚು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಬೀದರ್, ಹೈದರಾಬಾದ್, ರೈಲು: ಯಾವುದು ಯಾವಾಗ?

*ಬೀದರ್‌ನಿಂದ ವಿಮಾನ:* ಬೆಂಗಳೂರಿಗೆ ಒಂದರಿಂದ ಒಂದೂವರೆ ತಾಸಿನ ಹಾರಾಟ. ಬೆಂಗಳೂರಿನಲ್ಲೇ ಕೆಲಸ ಇರುವವರಿಗೆ, ಒಂದು ದಿನ ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎನ್ನುವವರಿಗೆ, ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇದು ಅನುಕೂಲ.

*ಹೈದರಾಬಾದ್:* ಬೀದರ್‌ನಿಂದ ಶಂಷಾಬಾದ್‌ಗೆ ಜಹೀರಾಬಾದ್ ಮೇಲಿಂದ ಸುಮಾರು 140–150 ಕಿ.ಮೀ. ಕಾರಿನಲ್ಲಿ ಮೂರು ತಾಸು ಇಟ್ಟುಕೊಳ್ಳಬೇಕು. ಅಲ್ಲಿಂದ ಬೆಂಗಳೂರಿಗೆ ದಿನವಿಡೀ ವಿಮಾನಗಳಿವೆ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ದೆಹಲಿ, ಮುಂಬೈ, ಗಲ್ಫ್ ದೇಶಗಳಿಗೆ ಹೋಗುವವರಿಗೆ ಇದೇ ಭರವಸೆಯ ದಾರಿ. ಟಿಕೆಟ್ ಅಗ್ಗ ಕಂಡರೂ ಕಾರಿನ ಬಾಡಿಗೆ, ಟೋಲ್ ಸೇರಿಸಿ ನೋಡಬೇಕು. ಒಬ್ಬರೇ ಹೋದರೆ ಬೀದರ್ ಅಗ್ಗ ಬೀಳಬಹುದು, ನಾಲ್ವರು ಕೂಡಿ ಹೋದರೆ ಹೈದರಾಬಾದ್.

*ಕಲಬುರಗಿ:* ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣ ಕಡೆಯವರು 2019ರ ನವೆಂಬರ್‌ನಲ್ಲಿ ಶುರುವಾದ ಕಲಬುರಗಿ ನಿಲ್ದಾಣವನ್ನೂ ನೋಡಬಹುದು. ಆದರೆ ಅದೂ ಸಣ್ಣ ನಿಲ್ದಾಣವೇ. ಆ ದಿನ ವಿಮಾನ ಇದೆಯೇ ಎಂದು ಖಚಿತ ಮಾಡಿಕೊಂಡೇ ಹೊರಡಬೇಕು.

*ರೈಲು, ಬಸ್ಸು:* ಒಂದು ಇಡೀ ರಾತ್ರಿಯ ಪ್ರಯಾಣ. ರೈಲಿಗೆ ಹನ್ನೆರಡು ತಾಸಿಗೂ ಮೇಲೆ ಬೇಕು. ಆದರೂ ಮರುದಿನ ಮುಂಜಾನೆ ಖಂಡಿತ ಬೆಂಗಳೂರಿನಲ್ಲಿ ಇರಲೇಬೇಕು ಎಂಬ ಕೆಲಸಕ್ಕೆ ಇವೇ ಹೆಚ್ಚು ನಂಬಿಗಸ್ತ.

ಒಂದು ಉದಾಹರಣೆ ನೋಡಬಹುದು. ಭಾಲ್ಕಿಯ ಬಟ್ಟೆ ಅಂಗಡಿಯವರು ಮದುವೆ ಸೀಸನ್ ಮಾಲು ನೋಡಲು ಚಿಕ್ಕಪೇಟೆಗೆ ಹೊರಟಿದ್ದಾರೆ ಎಂದುಕೊಳ್ಳೋಣ. ರೈಲಿನಲ್ಲಾದರೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ನಡುವೆ ಒಂದು ಹಗಲು ಖರೀದಿಗೆ. ವಿಮಾನದಲ್ಲಾದರೆ ರಾತ್ರಿ ನಿದ್ದೆ ಉಳಿಯುತ್ತದೆ, ಆದರೆ ವಾಪಸಾತಿ ವಿಮಾನ ಯಾವ ದಿನ ಇದೆ ಎಂಬುದರ ಮೇಲೆ ಲಾಡ್ಜಿನ ಖರ್ಚು ನಿಂತಿದೆ. ಇಂಥವರಿಗೆ ಒಳ್ಳೆಯ ಹಂಚಿಕೆ ಎಂದರೆ ಹೋಗುವಾಗ ರೈಲು, ಬರುವಾಗ ವಿಮಾನ. ಹೋಗುವಾಗ ಹೊತ್ತು ತಪ್ಪಿದರೆ ವ್ಯಾಪಾರ ಕೆಡುತ್ತದೆ. ಬರುವಾಗ ತಪ್ಪಿದರೆ ಮನೆಗೆ ತಡವಾಗುತ್ತದೆ, ಅಷ್ಟೇ.

ಟಿಕೆಟ್ ತೆಗೆಸುವಾಗ

1. *ವೇಳಾಪಟ್ಟಿ ಹೊಸದಾಗಿ ನೋಡಬೇಕು.* ವಿಮಾನ ಕಂಪನಿಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಳೇ ಪಟ್ಟಿ ನಂಬಿ ಹೊರಡಬಾರದು. ಕಂಪನಿಯ ವೆಬ್‌ಸೈಟ್‌ನಲ್ಲಿ ಬೇಕಾದ ತಾರೀಖು ಹಾಕಿ ನೋಡುವುದೇ ಸರಿಯಾದ ದಾರಿ.

2. *ಮೊಬೈಲ್ ನಂಬರ್ ಪ್ರಯಾಣಿಕರದ್ದೇ ಇರಬೇಕು.* ಏಜೆಂಟ್ ಕಡೆ ಟಿಕೆಟ್ ತೆಗೆಸಿದಾಗ ಎಷ್ಟೋ ಸಲ ಏಜೆಂಟ್‌ನ ನಂಬರ್ರೇ ದಾಖಲಾಗಿರುತ್ತದೆ. ವಿಮಾನ ರದ್ದಾದ ಸಂದೇಶ ಅವರಿಗೆ ಹೋಗುತ್ತದೆ, ಪ್ರಯಾಣಿಕರು ನಿಲ್ದಾಣಕ್ಕೆ ಬಂದು ನಿಂತಿರುತ್ತಾರೆ. ಸಂಪರ್ಕದ ವಿವರ ಸರಿಯಾಗಿ ಕೊಡದಿದ್ದರೆ ಪರಿಹಾರ ಕೇಳುವ ಹಕ್ಕೂ ಹೋಗುತ್ತದೆ.

3. *ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಬೇಕು.* ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಹೇಗಿದೆಯೋ ಹಾಗೇ ಬರೆಸಬೇಕು. ಮನೆಯಲ್ಲಿ ಕರೆಯುವ ಹೆಸರು ನಡೆಯುವುದಿಲ್ಲ.

4. *ವ್ಯಾಪಾರಕ್ಕೆ ಹೋಗುವವರು ಜಿಎಸ್‌ಟಿ ನಂಬರ್ ಕೊಡಬೇಕು.* ಎಕಾನಮಿ ಟಿಕೆಟ್ ಮೇಲೆ ಶೇ 5ರಷ್ಟು ಜಿಎಸ್‌ಟಿ ಇದೆ. ಅಂಗಡಿ ಕೆಲಸದ ಪ್ರಯಾಣವಾದರೆ ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಅದಕ್ಕೆ ಬುಕ್ ಮಾಡುವಾಗಲೇ ಅಂಗಡಿಯ ಹೆಸರು, ಜಿಎಸ್‌ಟಿ ನಂಬರ್ ನಮೂದಿಸಿ ಬಿಲ್ ಪಡೆದುಕೊಳ್ಳಬೇಕು. ಬರೀ ಟಿಕೆಟ್ ಪ್ರತಿ ಸಾಲದು.

5. *ಮುಂದಿನ ವಿಮಾನ ಇದ್ದರೆ ಒಂದೇ ಟಿಕೆಟ್‌ನಲ್ಲಿರಲಿ.* ಬೆಂಗಳೂರಿನಿಂದ ಬೇರೆ ಕಂಪನಿಯ ವಿಮಾನವನ್ನು ಬೇರೆ ಟಿಕೆಟ್‌ನಲ್ಲಿ ತೆಗೆಸಿದ್ದರೆ, ಬೀದರ್ ವಿಮಾನ ತಡವಾಗಿ ಅದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ವಿದೇಶಕ್ಕೆ ಹೋಗುವವರು ಒಂದು ದಿನ ಮೊದಲೇ ಬೆಂಗಳೂರು ಸೇರುವುದು ಕ್ಷೇಮ. ವೀಸಾ ಅವಧಿ, ಕೆಲಸಕ್ಕೆ ಹಾಜರಾಗುವ ದಿನಾಂಕವನ್ನೆಲ್ಲ ಒಂದೇ ವಿಮಾನಕ್ಕೆ ಕಟ್ಟಿಹಾಕಬಾರದು.

ಹೊರಡುವ ದಿನ

ಸಣ್ಣ ನಿಲ್ದಾಣ ಎಂದು ಕೊನೇ ಗಳಿಗೆಗೆ ಹೋಗುವುದೇ ಹೆಚ್ಚಿನವರು ಮಾಡುವ ತಪ್ಪು. ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತು ಟಿಕೆಟ್ ಮೇಲೆಯೇ ಇರುತ್ತದೆ. ಸಾಮಾನ್ಯವಾಗಿ ವಿಮಾನ ಬಿಡುವ ಒಂದು ತಾಸು ಮೊದಲು ಮುಚ್ಚುತ್ತದೆ. ಆಮೇಲೆ ಬಂದವರಿಗೆ ವಿಮಾನ ಕಣ್ಣೆದುರೇ ನಿಂತಿದ್ದರೂ ಹತ್ತಲು ಬಿಡುವುದಿಲ್ಲ. ಬೀದರ್‌ನವರು ಒಂದೂವರೆಯಿಂದ ಎರಡು ತಾಸು ಮೊದಲು ಟರ್ಮಿನಲ್‌ನಲ್ಲಿದ್ದರೆ ಸಾಕು. ಔರಾದ್, ಕಮಲನಗರ, ಹುಲಸೂರು, ಬಸವಕಲ್ಯಾಣದಿಂದ ಬರುವವರು ದಾರಿಯ ಹೊತ್ತಿನ ಮೇಲೆ ಇನ್ನರ್ಧ ತಾಸು ಸೇರಿಸಿಕೊಳ್ಳಬೇಕು. ಹಬ್ಬ, ಜಾತ್ರೆ, ಕಬ್ಬಿನ ಟ್ರ್ಯಾಕ್ಟರ್‌ಗಳ ಸೀಸನ್‌ನಲ್ಲಂತೂ ರಸ್ತೆಯನ್ನು ನಂಬುವಂತಿಲ್ಲ.

ಹೊರಡುವ ಮೊದಲು ವಿಮಾನದ ಸ್ಥಿತಿ ನೋಡಬೇಕು. ಬೀದರ್‌ಗೆ ಬರುವ ವಿಮಾನ ಸಾಮಾನ್ಯವಾಗಿ ಇಲ್ಲಿ ರಾತ್ರಿ ತಂಗಿದ ವಿಮಾನವಲ್ಲ. ಅದೇ ದಿನ ಬೇರೆ ಊರಿಗೆ ಹೋಗಿ ಬಂದದ್ದಿರಬಹುದು. ಮುಂಜಾನೆ ಎಲ್ಲೋ ಒಂದು ತಾಸು ತಡವಾದರೆ ಅದು ಊರಿಂದ ಊರಿಗೆ ಸಾಗಿ ಬೀದರ್‌ಗೂ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ದೇವನಹಳ್ಳಿ ಸುತ್ತ ಮುಂಜಾನೆ ಮಂಜು ಕವಿಯುತ್ತದೆ. ಬೀದರ್‌ನಲ್ಲಿ ಬಿಸಿಲು ಬಿದ್ದಿದ್ದರೂ ವಿಮಾನ ಬೆಂಗಳೂರಿನಿಂದ ಎದ್ದಿರುವುದಿಲ್ಲ. ಬೆಂಗಳೂರಿನಿಂದ ವಿಮಾನ ಬಿಟ್ಟಿದೆಯೇ ಎಂದು ಮೊಬೈಲ್‌ನಲ್ಲಿ ನೋಡಿದರೆ ತಡವಾಗುವ ಸುಳಿವು ಮೊದಲೇ ಸಿಗುತ್ತದೆ. ಆದರೂ ಕಂಪನಿ ತಾನಾಗಿ ಹೊತ್ತು ಬದಲಿಸಿ ಸಂದೇಶ ಕಳಿಸುವವರೆಗೆ ಟಿಕೆಟ್‌ನಲ್ಲಿದ್ದ ಹೊತ್ತಿಗೇ ಹಾಜರಿರಬೇಕು.

ಗುರುತಿನ ಚೀಟಿಗೆ ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್ ಪೈಕಿ ಒಂದು ಸಾಕು. ಮೊಬೈಲ್‌ನ ಎಂ-ಆಧಾರ್ ನಡೆಯುತ್ತದೆ. ಮೊಬೈಲ್‌ನಲ್ಲಿ ತೆಗೆದಿಟ್ಟ ಆಧಾರ್ ಫೋಟೊ ಮಾತ್ರ ನೆಚ್ಚಿಕೊಂಡು ಹೋಗಬಾರದು.

ಬೀದರ್‌ನಂಥ ನಿಲ್ದಾಣದಲ್ಲಿ ವಿಮಾನದ ಬಾಗಿಲಿಗೇ ತಾಗುವ ಸೇತುವೆ ಇರುವುದಿಲ್ಲ. ಟರ್ಮಿನಲ್‌ನಿಂದ ಹೊರಗೆ ಬಂದು ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಮಂಡಿ ನೋವಿನ ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ಯೋಚಿಸಬೇಕು.

ಚೀಲದಲ್ಲಿ ಏನಿರಬಹುದು, ಏನಿರಬಾರದು

ಎಕಾನಮಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಕೈಚೀಲ ಒಂದು, 7 ಕೆ.ಜಿ.; ಕೌಂಟರ್‌ನಲ್ಲಿ ಕೊಡುವ ಲಗೇಜ್ 15 ಕೆ.ಜಿ. ಹೆಚ್ಚಾದರೆ ಕೆ.ಜಿ. ಲೆಕ್ಕದಲ್ಲಿ ಹಣ ಕಟ್ಟಬೇಕು. ಅಂಗಡಿಯ ತಕ್ಕಡಿಯಲ್ಲೇ ಒಮ್ಮೆ ತೂಗಿ ನೋಡಿದರೆ ಕೌಂಟರ್ ಮುಂದೆ ಚೀಲ ಬಿಚ್ಚುವುದು ತಪ್ಪುತ್ತದೆ.

- *ಖಾರದ ಪುಡಿ, ಮಸಾಲೆ ಪುಡಿ, ಉಪ್ಪಿನಕಾಯಿ, ತುಪ್ಪ:* ಕೈಚೀಲದಲ್ಲಿ ಬೇಡ. ಸೋರದಂತೆ ಕಟ್ಟಿ ದೊಡ್ಡ ಲಗೇಜ್‌ನಲ್ಲಿಡಬೇಕು. ಮಗನಿಗೆಂದು ಮಾಡಿದ ಉಪ್ಪಿನಕಾಯಿ ತಪಾಸಣೆಯಲ್ಲಿ ಬಿಟ್ಟುಹೋಗುವುದು ಯಾರಿಗೂ ಬೇಡ.
- *ಕೊಬ್ಬರಿ, ಕರ್ಪೂರ, ಬೆಂಕಿಪೊಟ್ಟಣ, ಲೈಟರ್, ಪಟಾಕಿ:* ಎರಡರಲ್ಲೂ ಇಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅದನ್ನು ಬೆಂಕಿ ಹತ್ತುವ ವಸ್ತು ಎಂದು ಪರಿಗಣಿಸುತ್ತಾರೆ. ಪೂಜಾ ಸಾಮಗ್ರಿ ಒಯ್ಯುವವರು ಗಮನಿಸಬೇಕು.
- *ಕೀಟನಾಶಕ, ಸ್ಪಿರಿಟ್, ಬಣ್ಣ, ತಿನ್ನರ್:* ಸ್ಯಾಂಪಲ್ ಬಾಟಲಿ ಆದರೂ ನಡೆಯುವುದಿಲ್ಲ. ಗೊಬ್ಬರ, ಔಷಧ ಅಂಗಡಿಯವರು ಇವನ್ನು ರಸ್ತೆ ಮಾರ್ಗದಲ್ಲೇ ತರಿಸಬೇಕು.
- *ಪವರ್ ಬ್ಯಾಂಕ್, ಬಿಡಿ ಬ್ಯಾಟರಿ:* ಕೈಚೀಲದಲ್ಲೇ ಇರಬೇಕು, ದೊಡ್ಡ ಲಗೇಜ್‌ನಲ್ಲಿ ಇಡುವಂತಿಲ್ಲ. ಮೊಬೈಲ್ ಅಂಗಡಿಯವರು ಬೆಂಗಳೂರಿನಿಂದ ಬ್ಯಾಟರಿ ಕಟ್ಟನ್ನು ವಿಮಾನದಲ್ಲಿ ತರುವ ಯೋಚನೆ ಬಿಡುವುದು ಒಳ್ಳೆಯದು. ಸ್ವಂತ ಬಳಕೆಗೆ ಒಂದೆರಡು ಸರಿ, ಮಾರಾಟದ ಮಾಲು ಅಲ್ಲ.
- *ಕತ್ತರಿ, ಚಾಕು, ಸ್ಕ್ರೂಡ್ರೈವರ್, ಇತರ ಸಾಮಾನು:* ದೊಡ್ಡ ಲಗೇಜ್‌ನಲ್ಲಿ.
- *ಬಿದ್ರಿ ಕಲಾಕೃತಿ:* ಸತು, ತಾಮ್ರದ ಮಿಶ್ರಲೋಹವಾದ್ದರಿಂದ ಎಕ್ಸ್-ರೇಯಲ್ಲಿ ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ; ತೆರೆದು ತೋರಿಸಿ ಎನ್ನಬಹುದು. ಮೇಲೆಯೇ ಸಿಗುವಂತೆ ಇಟ್ಟು, ಅಂಗಡಿಯ ಬಿಲ್ ಜತೆಗಿಡಬೇಕು. ಕಠಾರಿ ಆಕಾರದ ವಸ್ತು ಕೈಚೀಲದಲ್ಲಿ ನಡೆಯದು.
- *ನಗದು, ಬಂಗಾರ:* ದೊಡ್ಡ ಲಗೇಜ್‌ಗೆ ಹಾಕಬಾರದು. ಖರೀದಿಗೆಂದು ಹೆಚ್ಚಿನ ಹಣ ಒಯ್ಯುವವರು ಬ್ಯಾಂಕಿನ ದಾಖಲೆ, ಬಿಲ್ ಜತೆಗಿಟ್ಟುಕೊಳ್ಳಬೇಕು; ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಬೇಕಾಗುತ್ತದೆ.

ತಡವಾದರೆ, ರದ್ದಾದರೆ ಏನು ಹಕ್ಕು?

ಇದು ಬಹಳ ಜನಕ್ಕೆ ಗೊತ್ತಿಲ್ಲದ ಭಾಗ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಸಣ್ಣ ನಿಲ್ದಾಣಕ್ಕೂ ದೊಡ್ಡ ನಿಲ್ದಾಣಕ್ಕೂ ಒಂದೇ. ಬೀದರ್ ಎಂದು ಕಡಿಮೆ ಇಲ್ಲ.

*2 ತಾಸಿಗಿಂತ ಹೆಚ್ಚು ತಡ:* ಹೊತ್ತಿಗೆ ಸರಿಯಾಗಿ ಹಾಜರಾದವರಿಗೆ ಕಂಪನಿ ತಿಂಡಿ, ಊಟ ಕೊಡಬೇಕು. ಕೇಳಿ ಪಡೆಯಬೇಕು.

*6 ತಾಸಿಗಿಂತ ಹೆಚ್ಚು ತಡ:* ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಇವೆರಡರಲ್ಲಿ ಪ್ರಯಾಣಿಕರಿಗೆ ಬೇಕಾದ್ದು.

*ರದ್ದಾದರೆ:* ಬೇರೆ ವಿಮಾನ ಅಥವಾ ಪೂರ್ತಿ ಹಣ. ಮೊದಲೇ ತಿಳಿಸದೆ ಕೊನೇ ಗಳಿಗೆಯಲ್ಲಿ ರದ್ದು ಮಾಡಿದರೆ ಹಣದ ಜತೆಗೆ ಪರಿಹಾರವೂ ಸಿಗಬೇಕು. ಬೀದರ್–ಬೆಂಗಳೂರಿನಂತೆ ಒಂದರಿಂದ ಎರಡು ತಾಸಿನ ಹಾರಾಟಕ್ಕೆ ಇದು ₹7,500 ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಕೂಡಿಸಿದ ಮೊತ್ತ, ಯಾವುದು ಕಡಿಮೆಯೋ ಅದು.

*ಪರಿಹಾರ ಸಿಗದ ಸಂದರ್ಭ:* ಮಂಜು, ಮಳೆ, ಬಿರುಗಾಳಿ, ಭದ್ರತೆ, ವಾಯು ಸಂಚಾರ ನಿಯಂತ್ರಣದ ಆದೇಶದಂಥ ಕಂಪನಿಯ ಕೈಮೀರಿದ ಕಾರಣಗಳಿಗೆ ಪರಿಹಾರ ಇಲ್ಲ. ಆದರೆ ಆಗಲೂ ಟಿಕೆಟ್ ಹಣ ವಾಪಸ್ ಪಡೆಯುವ ಹಕ್ಕು ಇದ್ದೇ ಇರುತ್ತದೆ. ‘ಹವಾಮಾನ ಸರಿ ಇಲ್ಲ, ಹಣ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ.

*ಏಜೆಂಟ್ ಕಡೆ ತೆಗೆಸಿದ ಟಿಕೆಟ್:* ಹಣ ವಾಪಸ್ ಕೊಡುವ ಹೊಣೆ ಆಗಲೂ ವಿಮಾನ ಕಂಪನಿಯದೇ.

*ಪ್ರಯಾಣಿಕರೇ ರದ್ದು ಮಾಡಿದರೆ, ಅಥವಾ ಹೋಗದಿದ್ದರೆ:* ಮೂಲ ದರ ಕಳೆದುಕೊಂಡರೂ ಸರ್ಕಾರದ ತೆರಿಗೆ, ನಿಲ್ದಾಣದ ಶುಲ್ಕಗಳು ವಾಪಸ್ ಬರಬೇಕು. ಸಣ್ಣ ಮೊತ್ತ ಎಂದು ಎಷ್ಟೋ ಜನ ಕೇಳುವುದೇ ಇಲ್ಲ.

ನಿಲ್ದಾಣದಲ್ಲಿ ಕೂಗಾಡುವುದಕ್ಕಿಂತ ದಾಖಲೆ ಮಾಡಿಟ್ಟುಕೊಳ್ಳುವುದು ಫಲ ಕೊಡುತ್ತದೆ. ತಡವಾದ ಅಥವಾ ರದ್ದಾದ ಕಾರಣವನ್ನು ಸಂದೇಶದಲ್ಲೋ ಕಾಗದದಲ್ಲೋ ಬರೆಸಿಕೊಳ್ಳಬೇಕು. ಬೋರ್ಡಿಂಗ್ ಪಾಸ್, ಊಟ, ಟ್ಯಾಕ್ಸಿ ಬಿಲ್ ಇಟ್ಟುಕೊಳ್ಳಬೇಕು. ಮೊದಲು ಕಂಪನಿಗೆ ದೂರು ಕೊಡಬೇಕು. ಉತ್ತರ ಸರಿ ಬಾರದಿದ್ದರೆ ಕೇಂದ್ರ ಸರ್ಕಾರದ ‘ಏರ್‌ಸೇವಾ’ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2 ವರ್ಷದ ಒಳಗೆ ಹೋಗಬೇಕು. ₹5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕ ಇಲ್ಲ. ಲಗೇಜ್ ಬಾರದಿದ್ದರೆ ಅಥವಾ ಒಡೆದಿದ್ದರೆ ನಿಲ್ದಾಣದಿಂದ ಹೊರಗೆ ಬರುವ ಮೊದಲೇ ಕೌಂಟರ್‌ನಲ್ಲಿ ಬರೆಸಬೇಕು. ಮನೆಗೆ ಹೋಗಿ ಫೋನ್ ಮಾಡಿದರೆ ಪ್ರಕರಣ ಅರ್ಧ ಬಿದ್ದುಹೋದಂತೆ.

ಜಿಲ್ಲೆಯವರಿಗೆ ಒಂದು ವಿಶೇಷ ಸೂಚನೆ. ವಿಮಾನ ರದ್ದಾದರೆ ಹಣ ವಾಪಸ್ ಬೇಕೋ, ಬೇರೆ ವಿಮಾನ ಬೇಕೋ ಎಂದು ತಕ್ಷಣ ತೀರ್ಮಾನಿಸಬೇಕು. ಮುಂದಿನ ಬೀದರ್ ವಿಮಾನ ಎರಡು ದಿನದ ಮೇಲಿದ್ದರೆ, ಹಣ ವಾಪಸ್ ಕೇಳಿ, ಅದೇ ದಿನ ಸಂಜೆ ರೈಲು ಅಥವಾ ಹೈದರಾಬಾದ್ ದಾರಿ ಹಿಡಿಯುವುದೇ ಜಾಣತನ. ಕೌಂಟರ್ ಮುಂದೆ ಮೂರು ತಾಸು ನಿಂತರೆ ಆ ದಾರಿಯೂ ತಪ್ಪುತ್ತದೆ.

ರೋಗಿಗಳು, ಬಸುರಿಯರು, ಮಕ್ಕಳು

ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗಿಬರುವವರಿಗೆ ಈ ವಿಮಾನ ದೊಡ್ಡ ಆಸರೆ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ತೆಗೆಸುವಾಗಲೇ, ಕಡಿಮೆಯೆಂದರೆ 48 ತಾಸು ಮೊದಲು ತಿಳಿಸಬೇಕು. ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹೃದಯ, ಉಸಿರಾಟದ ತೊಂದರೆ ಇದ್ದವರು ‘ವಿಮಾನದಲ್ಲಿ ಹೋಗಬಹುದು’ ಎಂಬ ವೈದ್ಯರ ಪತ್ರ ಇಟ್ಟುಕೊಳ್ಳಬೇಕು. ತುಂಬು ಬಸುರಿಯರಿಗೂ ಇಂಥ ಪತ್ರ ಕೇಳುತ್ತಾರೆ. ಎಷ್ಟನೇ ವಾರದಿಂದ ಎಂಬುದನ್ನು ಕಂಪನಿಯಲ್ಲಿ ವಿಚಾರಿಸಬೇಕು. ಔಷಧ, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಡಾಕ್ಟರ್ ಕೊಟ್ಟ ದಿನಾಂಕಕ್ಕೆ ಒಂದು ದಿನ ಮೊದಲಿನ ವಿಮಾನ ಹಿಡಿದರೆ ಎದೆ ಬಡಿತ ಕಡಿಮೆ.

ಎರಡು ವರ್ಷದೊಳಗಿನ ಕೂಸಿಗೆ ವಯಸ್ಸಿನ ದಾಖಲೆ ಬೇಕು. ಜನನ ಪ್ರಮಾಣಪತ್ರದ ಪ್ರತಿ ಸಾಕು. ತಂದೆ ತಾಯಿ ಜತೆ ಹೋಗುವ ಸಣ್ಣ ಮಕ್ಕಳಿಗೆ ಬೇರೆ ಗುರುತಿನ ಚೀಟಿ ಕೇಳುವುದಿಲ್ಲ, ತಂದೆ ತಾಯಿಯದು ಇರಬೇಕು.

ಬೆಂಗಳೂರಿನಲ್ಲಿ ಇಳಿದ ಮೇಲೆ

ಕೆಂಪೇಗೌಡ ನಿಲ್ದಾಣದಿಂದ ಮೆಜೆಸ್ಟಿಕ್ 35 ಕಿ.ಮೀ. ಸುಮಾರು. ಬಿಎಂಟಿಸಿಯ ವಾಯು ವಜ್ರ ಬಸ್‌ಗಳು ನಗರದ ಎಲ್ಲ ದಿಕ್ಕಿಗೂ ಇವೆ; ಟ್ಯಾಕ್ಸಿಗಿಂತ ಬಹಳ ಅಗ್ಗ. ಸಂಚಾರ ದಟ್ಟಣೆ ಇದ್ದರೆ ಒಂದೂವರೆ ತಾಸು ಹಿಡಿಯುತ್ತದೆ. ಆಕಾಶದಲ್ಲಿ ಕಳೆದಷ್ಟೇ ಹೊತ್ತು ರಸ್ತೆಯಲ್ಲೂ ಹೋಗುತ್ತದೆ ಎಂದು ಲೆಕ್ಕ ಹಾಕಬೇಕು. ವಾಪಸ್ ಬರುವಾಗ ಟರ್ಮಿನಲ್ ಸಂಖ್ಯೆ ನೋಡಿಕೊಳ್ಳಬೇಕು. ಅಲ್ಲಿ ಎರಡು ಟರ್ಮಿನಲ್‌ಗಳಿವೆ, ಯಾವುದರಿಂದ ಎಂಬುದು ಟಿಕೆಟ್‌ನಲ್ಲಿ ಇರುತ್ತದೆ. ಹೊಸ ಎರಡನೇ ಟರ್ಮಿನಲ್‌ನಿಂದ 2023ರ ಜನವರಿ 15ರಂದು ಹೊರಟ ಮೊದಲ ವಿಮಾನ ಕಲಬುರಗಿಗೆ ಬಂದದ್ದು.

ಮುಂದೇನು?

ನೆರವಿನ ಹಣ ಯಾವತ್ತೂ ಹೀಗೇ ಬರುತ್ತಿರುತ್ತದೆ ಎನ್ನುವಂತಿಲ್ಲ. ಕೊನೆಗೆ ಮಾರ್ಗ ಉಳಿಯುವುದು ಎರಡು ಸಂಗತಿಗಳಿಂದ. ಒಂದು, ಸೀಟು ತುಂಬಬೇಕು. ಎರಡು, ಹೇಳಿದ ದಿನ, ಹೇಳಿದ ಹೊತ್ತಿಗೆ ವಿಮಾನ ಬರಬೇಕು. ಎರಡನೆಯದು ಇಲ್ಲದೆ ಮೊದಲನೆಯದು ಆಗುವುದಿಲ್ಲ. ಹೊತ್ತು ನೆಟ್ಟಗಿದ್ದರೆ ವ್ಯಾಪಾರಿ ತಾನೇ ಬರುತ್ತಾನೆ. ಎರಡು ಸಲ ರದ್ದಾದರೆ ಮೂರನೇ ಸಲ ಜಹೀರಾಬಾದ್ ರಸ್ತೆ ಹಿಡಿಯುತ್ತಾನೆ.

ಹಾಗಾಗಿ ರದ್ದಾದಾಗ ಸುಮ್ಮನೆ ಮನೆಗೆ ಹೋಗದೆ ಲಿಖಿತ ದೂರು ಕೊಡುವುದು ಬರೀ ತನ್ನ ಹಣದ ಮಾತಲ್ಲ. ಬೀದರ್‌ನಲ್ಲಿ ಪ್ರಯಾಣಿಕರಿದ್ದಾರೆ, ಅವರು ಲೆಕ್ಕ ಕೇಳುತ್ತಾರೆ ಎಂಬ ದಾಖಲೆ ಅದರಿಂದ ಉಳಿಯುತ್ತದೆ. ‘ವಿಮಾನ ಚಾಲೂ ಅದ ಏನು?’ ಎಂದು ಕೇಳದೆಯೇ ಜನ ಟಿಕೆಟ್ ತೆಗೆಸುವ ದಿನ ಬಂದರೆ, ಅವತ್ತು ಈ ನಿಲ್ದಾಣ ನಿಜವಾಗಿ ಶುರುವಾಯಿತು ಎನ್ನಬಹುದು.